ಮಧುಮೇಹಿಗಳ ಪಾದ ಸಂರಕ್ಷಣೆ: ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ರಕ್ತದಲ್ಲಿ ಸಕ್ಕರೆಯ ಅಂಶವು ದೀರ್ಘಕಾಲ ಹೆಚ್ಚಾಗಿಯೇ ಉಳಿಯುವ ಸ್ಥಿತಿಯನ್ನು ಮಧುಮೇಹ ಎಂದು ಕರೆಯಲಾಗುತ್ತದೆ. ಸಕ್ಕರೆ ಕಾಯಿಲೆ ಅಥವಾ ‘ಶುಗರ್’ ಎಂಬ ಹೆಸರಿನಿಂದ ಜನಸಾಮಾನ್ಯರಿಗೆ ಪರಿಚಿತವಾಗಿರುವ ಈ ರೋಗವು ಕಣ್ಣು, ಮೂತ್ರಪಿಂಡ ಮತ್ತು ಹೃದಯವನ್ನು ಬಾಧಿಸುವಂತೆಯೇ ಪಾದಗಳನ್ನೂ ಬಾಧಿಸುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಕಣ್ಣು ಮಂಜಾದರೆ ರೋಗಿಗೆ ಕೂಡಲೇ ತಿಳಿಯುತ್ತದೆ. ಪಾದದಲ್ಲಿ ಹುಣ್ಣಾದರೆ ಅನೇಕ ವೇಳೆ ತಿಳಿಯುವುದೇ ಇಲ್ಲ. ನೋವಿಲ್ಲದ ಕಾರಣ ಗಾಯವು ಗಮನಕ್ಕೆ ಬರುವಷ್ಟರಲ್ಲಿ ಕೀವು ಮೂಳೆಯವರೆಗೆ ಇಳಿದಿರುವ ಪ್ರಸಂಗಗಳು ಉಂಟು. ನೋವಿಲ್ಲದ ಗಾಯವೇ ಹೆಚ್ಚು ಅಪಾಯಕಾರಿ ಎಂಬುದನ್ನು ಮಧುಮೇಹಿಗಳು ಹಾಗೂ ಅವರ ಕುಟುಂಬದವರು ಅರಿತಿರುವುದು ಅತ್ಯಗತ್ಯವಾದ್ದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನದ 2023ರ ವರದಿಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹದ ಕಾರಣದಿಂದ ಕಾಲನ್ನು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಪಾದದ ಮೇಲಿನ ಒಂದು ಹುಣ್ಣಿನಿಂದಲೇ ಆರಂಭವಾಗಿರುತ್ತವೆ. ಅಂದರೆ ಇಂತಹ ಬಹುಪಾಲು ಪ್ರಕರಣಗಳಲ್ಲಿ ಕಾಲನ್ನು ಉಳಿಸಿಕೊಳ್ಳಲು ಅವಕಾಶವಿದ್ದ ಒಂದು ಹಂತ ಇದ್ದೇ ಇತ್ತು ಎಂದಾಯಿತು.

ಪಾದದಲ್ಲಿ ಉಂಟಾಗುವ ಬದಲಾವಣೆಗಳು

ಸಕ್ಕರೆಯ ಅಂಶವು ವರ್ಷಗಟ್ಟಲೆ ಹತೋಟಿಯಲ್ಲಿಲ್ಲದಿದ್ದಾಗ ನರಗಳು ಕ್ಷೀಣಿಸುತ್ತವೆ. ದೇಹದಲ್ಲಿ ಅತ್ಯಂತ ಉದ್ದವಾದ ನರಗಳು ಕಾಲ್ಬೆರಳಿನವರೆಗೆ ಹೋಗುವಂಥವು. ಹಾನಿಯು ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಪ್ರಾರಂಭದಲ್ಲಿ ಜೋಮು, ಉರಿ, ಇರುವೆ ಹರಿದಾಡಿದಂತಹ ಅನುಭವ, ಹತ್ತಿಯ ಮೇಲೆ ಕಾಲಿಟ್ಟಂತಹ ಭಾವನೆ ಉಂಟಾಗಬಹುದು. ರಾತ್ರಿಯ ವೇಳೆ ಉರಿ ಹೆಚ್ಚಾಗುವುದುಂಟು. ಕ್ರಮೇಣ ಉರಿಯೂ ಇಲ್ಲವಾಗುತ್ತದೆ. ಇದನ್ನು ಗುಣವಾಯಿತೆಂದು ಭಾವಿಸಿ ಔಷಧಿಯನ್ನು ನಿಲ್ಲಿಸುವವರಿದ್ದಾರೆ. ವಾಸ್ತವವಾಗಿ ಅದು ಸ್ಪರ್ಶಜ್ಞಾನವೇ ನಶಿಸಿರುವುದರ ಸೂಚನೆಯಾಗಿರಬಹುದು. ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿಬಿದ್ದರೂ ಅರಿವಿಗೆ ಬಾರದೆ ಮುಂದೆ ಹೋಗುವುದು ಇದರ ಸ್ಪಷ್ಟ ಲಕ್ಷಣವಾಗಿದೆ.

ನರಗಳ ದೌರ್ಬಲ್ಯದಿಂದ ಪಾದದಲ್ಲಿ ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ಹಿಮ್ಮಡಿ ಬಿರಿಯುತ್ತದೆ. ಬೆರಳುಗಳು ಡೊಂಕಾಗಿ, ದೇಹದ ಭಾರವೆಲ್ಲ ಪಾದದ ಒಂದೆರಡು ಜಾಗಗಳ ಮೇಲೆಯೇ ಬೀಳುತ್ತದೆ. ಆ ಜಾಗದಲ್ಲಿ ಆಣಿ ಅಥವಾ ದಡ್ಡುಗಟ್ಟಿದ ಚರ್ಮ ಬೆಳೆದು, ಅದರ ಅಡಿಯಲ್ಲಿ ಹುಣ್ಣು ಸಿದ್ಧವಾಗುತ್ತದೆ. ಇದರ ಜೊತೆಗೆ ರಕ್ತನಾಳಗಳು ಕಿರಿದಾಗಿ ಪಾದಕ್ಕೆ ರಕ್ತದ ಪೂರೈಕೆ ಕುಂಠಿತವಾದರೆ ಚಿಕ್ಕ ಗಾಯವೂ ಮಾಯುವುದಿಲ್ಲ. ಸ್ವಲ್ಪ ದೂರ ನಡೆದೊಡನೆ ಮೀನಖಂಡದಲ್ಲಿ ನೋವು ಕಾಣಿಸಿಕೊಂಡು, ನಿಂತರೆ ಕಡಿಮೆಯಾಗುವುದು ರಕ್ತದ ಕೊರತೆಯ ಚಿಹ್ನೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ತೊಂದರೆ ಬೇಗನೆ ಉಲ್ಬಣಿಸುತ್ತದೆ.

ನೋವಿನ ಅರಿವಿಲ್ಲದ ಪಾದಕ್ಕೆ ಏನಾಗುತ್ತದೆಂಬುದನ್ನು ವೈದ್ಯಲೋಕವು ಕಲಿತದ್ದು ಬಹುಮಟ್ಟಿಗೆ ನೆರೆಯ ವೆಲ್ಲೂರಿನಲ್ಲಿ. ಕೋಲಾರ, ಮುಳಬಾಗಿಲುಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಪೂರ್ವಕ್ಕೆ ತಲುಪುವುದು ಅದೇ ಊರನ್ನು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ದೀರ್ಘಕಾಲ ಪರಿಶೀಲಿಸಿದರು. ಬೆರಳುಗಳು ನಾಶವಾಗುವುದು ರೋಗವು ಮಾಂಸವನ್ನು ತಿನ್ನುವುದರಿಂದಲ್ಲ. ನೋವು ತಿಳಿಯದ ಕಾರಣ ರೋಗಿಯು ಗಾಯಗೊಂಡ ಅಂಗವನ್ನೇ ಮತ್ತೆ ಮತ್ತೆ ಬಳಸುವುದರಿಂದ ಎಂಬುದನ್ನು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿಗಳು ಕಚ್ಚಿದರೂ ಕೆಲವು ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲವೆಂದು ತಿಳಿದ ಮೇಲೆ ಅವರಿಗೆ ಬೆಕ್ಕು ಸಾಕಲು ಕೊಡಲಾಯಿತಂತೆ. ಮಧುಮೇಹಿಯ ಮರಗಟ್ಟಿದ ಪಾದಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ. ಇಲಿಗಳ ಕಾಟವಿರುವ ಮನೆಗಳಲ್ಲಿ, ವಿಶೇಷವಾಗಿ ಧಾನ್ಯದ ಚೀಲಗಳಿರುವ ಕೋಣೆಯಲ್ಲಿ, ಮಧುಮೇಹಿಗಳು ನೆಲದ ಮೇಲೆ ಮಲಗದಿರುವುದು ಒಳಿತು.

ಈ ತಾಲ್ಲೂಕುಗಳಲ್ಲಿ ಗಮನಿಸಬೇಕಾದ ಸಂದರ್ಭಗಳು

ಪಾದ ಸಂರಕ್ಷಣೆಯ ಬಗ್ಗೆ ಮುದ್ರಿತ ಕರಪತ್ರಗಳು ಸಾಮಾನ್ಯವಾಗಿ ನಗರವಾಸಿಗಳನ್ನು ಗಮನದಲ್ಲಿರಿಸಿಕೊಂಡು ಸಿದ್ಧವಾದವು. ಬೂಟು ಕಾಲುಚೀಲಗಳ ವಿವರ ಅವುಗಳಲ್ಲಿ ಸಾಕಷ್ಟಿರುತ್ತದೆ. ಹಿಪ್ಪುನೇರಳೆ ತೋಟದ ವಿಷಯ ಇರುವುದಿಲ್ಲ. ಕೋಲಾರ ಜಿಲ್ಲೆಯ ಬಹುಪಾಲು ಕುಟುಂಬಗಳು ರೇಷ್ಮೆ, ಹೈನುಗಾರಿಕೆ, ತರಕಾರಿ, ಮಾವು ಮತ್ತು ರಾಗಿಯನ್ನು ನಂಬಿರುವುದರಿಂದ ಆ ಕೆಲಸಗಳಲ್ಲಿ ಪಾದಕ್ಕಿರುವ ಅಪಾಯಗಳನ್ನು ತಿಳಿಯುವುದು ಅವಶ್ಯಕ.

ಹಿಪ್ಪುನೇರಳೆ ಗಿಡಗಳನ್ನು ಕತ್ತರಿಸಿದ ನಂತರ ಉಳಿಯುವ ಕಡ್ಡಿಗಳ ಬುಡಗಳು ಚೂಪಾಗಿರುತ್ತವೆ. ರಾಗಿ ಕೊಯ್ಲಾದ ಹೊಲದ ಕೂಳೆಯೂ ಹಾಗೆಯೇ. ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ಸೋಂಕು ನಿವಾರಣೆಗಾಗಿ ಬಳಸುವ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಒದ್ದೆ ಪಾದಕ್ಕೆ ತಾಗಿದರೆ ಚರ್ಮವನ್ನು ಸುಡುತ್ತವೆ, ಮರಗಟ್ಟಿದ ಪಾದಕ್ಕೆ ಅದು ತಿಳಿಯದು. ಟೊಮೆಟೊ ತೋಟದಲ್ಲಿ ಊರುಗೋಲಿನ ಕಡ್ಡಿ ಮತ್ತು ತಂತಿಯ ತುಂಡುಗಳು ಬಿದ್ದಿರುತ್ತವೆ. ಕೆರೆಯಂಗಳ, ರಸ್ತೆಬದಿಗಳಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ತೆಳುವಾದ ರಬ್ಬರ್ ಚಪ್ಪಲಿಯನ್ನು ತೂರಿ ಪಾದಕ್ಕೆ ನಾಟುತ್ತದೆ. ಮುರಿದ ಮುಳ್ಳು ಒಳಗೇ ಉಳಿದು ವಾರದ ನಂತರ ಕೀವಾದಾಗ ಮಾತ್ರ ಗಮನಕ್ಕೆ ಬರುವುದು ಸಾಮಾನ್ಯ. ಆದುದರಿಂದ ಹೊಲಕ್ಕೆ ಹೋಗುವಾಗ ದಪ್ಪ ಅಟ್ಟೆಯ, ಬೆರಳು ಮುಚ್ಚುವ ಪಾದರಕ್ಷೆಯನ್ನು ಧರಿಸತಕ್ಕದ್ದು ಹಾಗೂ ಮನೆಗೆ ಮರಳಿದ ಮೇಲೆ ಚಪ್ಪಲಿಯ ಅಟ್ಟೆಯನ್ನೂ ತಿರುಗಿಸಿ ನೋಡತಕ್ಕದ್ದು.

ಹಸು ಸಾಕುವವರ ಪಾದಗಳು ಬೆಳಗ್ಗೆ ಸಂಜೆ ಕೊಟ್ಟಿಗೆಯ ಗಂಜಲ, ಸಗಣಿಯ ತೇವದಲ್ಲಿರುತ್ತವೆ. ಬೆರಳ ಸಂದುಗಳು ಮೆತ್ತಗಾಗಿ, ಬೆಳ್ಳಗೆ ಬಿಳಿಚಿಕೊಂಡು, ಶಿಲೀಂಧ್ರದ ಸೋಂಕು ತಗುಲುತ್ತದೆ; ಸೋಂಕಿನಿಂದ ಬಿರುಕು, ಬಿರುಕಿನಿಂದ ಕೀವು. ಕೊಟ್ಟಿಗೆಯ ಕೆಲಸಕ್ಕೆ ಗಂಬೂಟು ಉಪಯುಕ್ತ. ಆದರೆ ಅದರೊಳಗೆ ಬೆವರು ನಿಲ್ಲುವುದರಿಂದ ಹತ್ತಿಯ ಕಾಲುಚೀಲವನ್ನು ಧರಿಸಿ, ಕೆಲಸ ಮುಗಿದೊಡನೆ ಕಳಚಿ, ಪಾದಗಳನ್ನು ತೊಳೆದು ಒರೆಸಿಕೊಳ್ಳಬೇಕು. ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಗೂಡುಗಳ ಕೆಲಸಗಾರರು ಬಿಸಿ ನೆಲದ ಮೇಲೆ ಬರಿಗಾಲಿನಲ್ಲಿ ಅಥವಾ ಸವೆದ ಚಪ್ಪಲಿಯಲ್ಲಿ ನಿಲ್ಲಬಾರದು.

ದೇವಸ್ಥಾನಗಳಿಗೆ ಹೋಗುವಾಗಿನ ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೋಲಾರಮ್ಮ, ಕುರುಡುಮಲೆ, ಆವಣಿ, ಚಿಕ್ಕ ತಿರುಪತಿ ಮುಂತಾದ ಕ್ಷೇತ್ರಗಳಲ್ಲಿ ಕಲ್ಲು ಹಾಸಿನ ಪ್ರಾಕಾರವು ಬೇಸಿಗೆಯ ಮಧ್ಯಾಹ್ನ ತೀವ್ರವಾಗಿ ಕಾದಿರುತ್ತದೆ. ಜೊತೆಯಲ್ಲಿ ಬಂದವರು ಕಾಲು ಎತ್ತಿ ಎತ್ತಿ ಓಡುವಾಗ ಮಧುಮೇಹಿಯು ನಿಧಾನವಾಗಿ ಪ್ರದಕ್ಷಿಣೆ ಮುಗಿಸುತ್ತಾರೆ. ಬೊಬ್ಬೆ ಕಾಣಿಸುವುದು ಮನೆಗೆ ಬಂದ ಮೇಲೆ. ಬೆಳಗಿನ ಅಥವಾ ಸಂಜೆಯ ತಂಪು ವೇಳೆಯಲ್ಲಿ ದರ್ಶನ ಮಾಡುವುದು, ಅವಕಾಶವಿರುವಲ್ಲಿ ದಪ್ಪ ಹತ್ತಿಯ ಕಾಲುಚೀಲ ಧರಿಸುವುದು, ಪಾದರಕ್ಷೆಯನ್ನು ಬಾಗಿಲಿಗೆ ಆದಷ್ಟು ಸಮೀಪದಲ್ಲಿ ಬಿಡುವುದು ಸೂಕ್ತ. ಬರಿಗಾಲಿನ ಪಾದಯಾತ್ರೆ ಹಾಗೂ ಕೆಂಡ ಹಾಯುವ ಹರಕೆಯನ್ನು ಸ್ಪರ್ಶಜ್ಞಾನ ಕಳೆದುಕೊಂಡ ಮಧುಮೇಹಿಗಳು ಯಾವ ಕಾರಣಕ್ಕೂ ಕೈಗೊಳ್ಳಬಾರದು. ಬೇರೆ ರೂಪದ ಸೇವೆಗೆ ಅವಕಾಶ ಇದ್ದೇ ಇದೆ.

ಚಳಿಗಾಲದ ಬೆಳಗಿನಲ್ಲಿ ಒಲೆಯ ಮುಂದೆ ಅಥವಾ ಬೆಂಕಿಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವ ರೂಢಿಯೂ ಇಷ್ಟೇ ಅಪಾಯಕಾರಿ. ಬಿಸಿನೀರಿನ ಚೀಲ, ಬಿಸಿ ಉಪ್ಪಿನ ಶಾಖ, ಕಾದ ಇಟ್ಟಿಗೆಯ ಕಾವು ಇವುಗಳನ್ನು ಪಾದಕ್ಕೆ ಕೊಡಕೂಡದು. ಚಳಿಯಾದರೆ ಕಾಲುಚೀಲ ಸಾಕು.

ಪ್ರತಿದಿನ ಮಾಡಬೇಕಾದದ್ದು

ಪಾದವು ತನ್ನ ತೊಂದರೆಯನ್ನು ತಾನೇ ಹೇಳಿಕೊಳ್ಳಲಾರದು. ಆ ಕೆಲಸವನ್ನು ಕಣ್ಣು ಮಾಡಬೇಕು. ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಒಳ್ಳೆಯ ಬೆಳಕಿನಲ್ಲಿ, ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ ಮತ್ತು ಪ್ರತಿಯೊಂದು ಬೆರಳ ಸಂದನ್ನು ಪರೀಕ್ಷಿಸಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯನ್ನಿಟ್ಟು ಅಂಗಾಲನ್ನು ನೋಡಿಕೊಳ್ಳಬಹುದು. ಮಧುಮೇಹದಿಂದ ದೃಷ್ಟಿಯೂ ಕುಂದಿರುವವರ ಪಾದವನ್ನು ಮನೆಯ ಮತ್ತೊಬ್ಬರು ನೋಡಬೇಕು. ಹಿರಿಯರ ಪಾದವನ್ನು ಕಿರಿಯರು ಮುಟ್ಟುವುದು ಈ ನಾಡಿನಲ್ಲಿ ಹೊಸದೇನಲ್ಲ. ನಮಸ್ಕರಿಸುವಾಗ ಒಮ್ಮೆ ಅಂಗಾಲನ್ನೂ ನೋಡಿದರೆ ಎರಡು ನಿಮಿಷದ ಕೆಲಸ. ಕೆಂಪಾಗಿರುವುದು, ಬೊಬ್ಬೆ, ಬಿರುಕು, ಊತ, ಬಣ್ಣ ಬದಲಾವಣೆ, ಒಂದು ಪಾದವು ಇನ್ನೊಂದಕ್ಕಿಂತ ಬಿಸಿಯಾಗಿರುವುದು, ಕಾಲುಚೀಲದ ಮೇಲೆ ಕಲೆ ಇವುಗಳಲ್ಲಿ ಯಾವುದು ಕಂಡರೂ ಮರುದಿನವೇ ಆಸ್ಪತ್ರೆಗೆ ತೋರಿಸತಕ್ಕದ್ದು.

ಪಾದಗಳನ್ನು ಉಗುರು ಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸೋಪಿನಿಂದ ತೊಳೆಯಬೇಕು. ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಬಹಳ ಹೊತ್ತು ನೀರಿನಲ್ಲಿ ನೆನೆಸಿಡುವುದು ಬೇಡ. ಮೃದುವಾದ ಬಟ್ಟೆಯಿಂದ ಬೆರಳ ಸಂದುಗಳನ್ನು ಒತ್ತಿ ಒರೆಸಿದ ನಂತರ ಅಂಗಾಲು ಮತ್ತು ಹಿಮ್ಮಡಿಗೆ ತೆಂಗಿನ ಎಣ್ಣೆ ಅಥವಾ ವ್ಯಾಸಲೀನ್ ಸವರಬಹುದು; ಸಂದುಗಳಿಗೆ ಸವರಬಾರದು. ಬಚ್ಚಲಿನ ಒರಟು ಕಲ್ಲಿಗೆ ಹಿಮ್ಮಡಿಯನ್ನು ರಭಸದಿಂದ ಉಜ್ಜುವುದರಿಂದ ಗಾಯವಾಗುತ್ತದೆ.

ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಆಳವಾಗಿ ತೆಗೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯನ್ನು ಅಂಟಿಸುವುದು ಮಧುಮೇಹಿಗಳಿಗೆ ನಿಷಿದ್ಧ. ಅದರಲ್ಲಿರುವ ಆಮ್ಲವು ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಮಹಿಳೆಯರು ಕಾಲುಂಗುರದ ಬಗ್ಗೆ ಗಮನವಹಿಸಬೇಕು. ಪಾದ ಊದಿದಾಗ ಬಿಗಿಯಾದ ಕಾಲುಂಗುರವು ಬೆರಳಿನ ರಕ್ತಸಂಚಾರವನ್ನು ತಡೆಯುತ್ತದೆ, ಅದರ ಅಡಿಯ ಚರ್ಮ ಕೊಳೆಯುತ್ತದೆ. ಸುಲಭವಾಗಿ ತಿರುಗುವಷ್ಟು ಸಡಿಲವಾದದ್ದನ್ನು ಧರಿಸಿ, ಸ್ನಾನದ ವೇಳೆ ಸರಿಸಿ ಒರೆಸಿಕೊಂಡರೆ ತೊಂದರೆಯಿಲ್ಲ.

ಪಾದರಕ್ಷೆ

ಬೆರಳಿನ ನಡುವೆ ಪಟ್ಟಿಯಿರುವ ಹವಾಯಿ ಚಪ್ಪಲಿ ಸ್ಪರ್ಶವಿಲ್ಲದ ಪಾದಕ್ಕೆ ಸೂಕ್ತವಲ್ಲ. ಮುಂಭಾಗ ಅಗಲವಾಗಿದ್ದು, ಹಿಂದೆ ಪಟ್ಟಿಯಿರುವ, ಒಳಗೆ ಮೆತ್ತಗೆ ಹೊರಗೆ ಗಟ್ಟಿಯಾದ ಅಟ್ಟೆಯುಳ್ಳ ಪಾದರಕ್ಷೆ ಬೇಕು. ಕುಷ್ಠರೋಗಿಗಳಿಗಾಗಿ ದಕ್ಷಿಣ ಭಾರತದಲ್ಲಿ ರೂಪುಗೊಂಡ ಮೈಕ್ರೋ ಸೆಲ್ಯುಲಾರ್ ರಬ್ಬರಿನ, ಅಂದರೆ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಮಧುಮೇಹಿಗಳಿಗೂ ಸಲಹೆ ಮಾಡಲಾಗುತ್ತಿದೆ. ‘ಕುಷ್ಠರೋಗದವರ ಚಪ್ಪಲಿ’ ಎಂಬ ಸಂಕೋಚದಿಂದ ಕೆಲವರು ಇದನ್ನು ನಿರಾಕರಿಸುವುದುಂಟು. ಸಂಕೋಚಕ್ಕೆ ಕಾರಣವಿಲ್ಲ.

ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಪಾದರಕ್ಷೆಯನ್ನು ಸಂಜೆಯೇ ಕೊಳ್ಳಬೇಕು. ಸ್ಪರ್ಶವಿಲ್ಲದವರಿಗೆ ಬಿಗಿಯಾದದ್ದೇ ಸರಿಯಾಗಿದೆಯೆನಿಸುತ್ತದೆ. ಆದ್ದರಿಂದ ಕಾಗದದ ಮೇಲೆ ಪಾದದ ಗೆರೆ ಎಳೆದುಕೊಂಡು ಹೋಗಿ ಅಳತೆ ನೋಡುವುದು ಉತ್ತಮ. ಹೊಸದನ್ನು ಮೊದಲ ದಿನ ಒಂದು ಗಂಟೆ ಮಾತ್ರ ಧರಿಸಿ, ಪಾದವನ್ನು ಪರೀಕ್ಷಿಸಿ, ದಿನದಿಂದ ದಿನಕ್ಕೆ ಅವಧಿಯನ್ನು ಹೆಚ್ಚಿಸಬೇಕು. ಹಾಕಿಕೊಳ್ಳುವ ಮುನ್ನ ಪ್ರತಿ ಬಾರಿಯೂ ಒಳಗೆ ಕೈಯಾಡಿಸಿ ನೋಡತಕ್ಕದ್ದು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು; ಒಳಗೆ ಬಳಸಲು ಬೇರೆಯೇ ಒಂದು ಜೊತೆಯನ್ನು ಇಟ್ಟುಕೊಂಡರೆ ಮಡಿ ಮೈಲಿಗೆಯ ಆಕ್ಷೇಪಣೆಯೂ ಉಳಿಯುವುದಿಲ್ಲ.

ಗಾಯವಾದಲ್ಲಿ

ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಸ್ವಚ್ಛವಾದ ಗಾಜು ಬಟ್ಟೆಯಿಂದ ಮುಚ್ಚಿ, ಆ ಕಾಲಿನ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಕಾಫಿ ಪುಡಿ, ಹೊಗೆಸೊಪ್ಪು, ಬೂದಿ, ಸೊಪ್ಪಿನ ರಸ ಇತ್ಯಾದಿಗಳನ್ನು ಹಚ್ಚಬಾರದು. ಅರಿಶಿನ ಹಚ್ಚಿ ವಾರ ಕಾಯುವುದರಿಂದ ಆಗುವ ನಷ್ಟ ಅರಿಶಿನದಿಂದಲ್ಲ, ಕಾಯುವುದರಿಂದ. ನೋವಿಲ್ಲವೆಂಬ ಕಾರಣಕ್ಕೆ, ಒಂದು ದಿನದ ಕೂಲಿ ತಪ್ಪೀತೆಂಬ ಕಾರಣಕ್ಕೆ ಭೇಟಿಯನ್ನು ಮುಂದೂಡುವುದು ಕುಟುಂಬದ ದುಡಿಮೆಗಾರನ ಕಾಲನ್ನೇ ಪಣಕ್ಕಿಟ್ಟಂತೆ.

ಗಾಯದ ಸುತ್ತ ಕಪ್ಪಾಗುವುದು, ದುರ್ವಾಸನೆ, ಕೆಂಪು ಬಣ್ಣ ಮೇಲಕ್ಕೆ ಹರಡುವುದು, ಜ್ವರ ಅಥವಾ ಚಳಿ ಇದ್ದಲ್ಲಿ ಅದೇ ದಿನ, ರಾತ್ರಿಯಾಗಿದ್ದರೂ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗತಕ್ಕದ್ದು. 108 ಆಂಬ್ಯುಲೆನ್ಸ್ ಸೇವೆಯನ್ನು ಬಳಸಿಕೊಳ್ಳಬಹುದು. ಗಾಯವೇ ಇಲ್ಲದೆ ಪಾದವು ಹಠಾತ್ತನೆ ಊದಿ, ಕೆಂಪಗೆ, ಬಿಸಿಯಾಗಿದ್ದರೆ ಅದು ಮೂಳೆ ಕೀಲುಗಳು ಕುಸಿಯುತ್ತಿರುವುದರ ಲಕ್ಷಣವಾಗಿರಬಹುದು. ಅಂತಹ ಪಾದದ ಮೇಲೆ ಒಂದು ಹೆಜ್ಜೆಯನ್ನೂ ಇಡದೆ ವೈದ್ಯರನ್ನು ಕಾಣಬೇಕು.

ಲಭ್ಯವಿರುವ ಸೇವೆಗಳು

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾದಾಗ ರಾಜ್ಯದಲ್ಲಿ ಮೊದಲ ಹಂತಕ್ಕೆ ಸೇರಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಹಾಗೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಧುಮೇಹಿಗಳು ಅಸಾಂಕ್ರಾಮಿಕ ರೋಗಗಳ ವಿಭಾಗವನ್ನು ಸಂಪರ್ಕಿಸಬಹುದು. ಗ್ರಾಮ ಮಟ್ಟದಲ್ಲಿ 30 ವರ್ಷ ಮೇಲ್ಪಟ್ಟವರ ತಪಾಸಣೆಯು ಆಶಾ ಕಾರ್ಯಕರ್ತೆಯರ ಮೂಲಕ ನಡೆಯುತ್ತದೆ. ಮನೆ ಬಾಗಿಲಿಗೇ ತಪಾಸಣೆ ಮತ್ತು ಔಷಧಿಯನ್ನು ತಲುಪಿಸುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದು ಕೋಲಾರ ಜಿಲ್ಲೆಯಲ್ಲಿಯೇ. ನಂತರ ಅದನ್ನು ಇತರ ಜಿಲ್ಲೆಗಳಿಗೆ ವಿಸ್ತರಿಸುವಾಗ ತಪಾಸಣೆಯ ಪಟ್ಟಿಗೆ ಮಧುಮೇಹದ ಪಾದದ ತೊಂದರೆಯನ್ನೂ ಸೇರಿಸಲಾಯಿತು. ಆರೋಗ್ಯ ಸಿಬ್ಬಂದಿಯು ಮನೆಗೆ ಬಂದಾಗ ಬೆರಳಿನ ರಕ್ತವನ್ನು ಕೊಡುವುದಷ್ಟೇ ಅಲ್ಲದೆ ಪಾದವನ್ನೂ ತೋರಿಸುವುದು, ಜೋಮು ಅಥವಾ ಹಳೆಯ ಗಾಯವಿದ್ದಲ್ಲಿ ತಿಳಿಸುವುದು ಅಪೇಕ್ಷಣೀಯ.

ಪಾದದ ಪರೀಕ್ಷೆಯು ಸರಳವಾದದ್ದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ನಿಗದಿತ ಜಾಗಗಳಿಗೆ ತಾಗಿಸಿ ರೋಗಿಗೆ ತಿಳಿಯುತ್ತದೆಯೇ ಎಂದು ನೋಡುತ್ತಾರೆ, ಪಾದದ ನಾಡಿಯನ್ನು ಮುಟ್ಟಿ ರಕ್ತಸಂಚಾರವನ್ನು ಅರಿಯುತ್ತಾರೆ. ಮನೆಯಲ್ಲಿಯೂ ಒಂದು ಸ್ಥೂಲ ಪರೀಕ್ಷೆ ಸಾಧ್ಯ: ಮಧುಮೇಹಿಯು ಕಣ್ಣು ಮುಚ್ಚಿರುವಾಗ ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ತಿಳಿಯದಿದ್ದರೆ ವೈದ್ಯರ ಪರೀಕ್ಷೆ ಅಗತ್ಯ. ತೊಂದರೆಯಿಲ್ಲದ ಪಾದಕ್ಕೆ ವರ್ಷಕ್ಕೊಮ್ಮೆ, ಸ್ಪರ್ಶ ಕಡಿಮೆಯಿದ್ದರೆ 6 ರಿಂದ 12 ತಿಂಗಳಿಗೊಮ್ಮೆ, ಜೊತೆಗೆ ರಕ್ತಸಂಚಾರದ ಕೊರತೆ ಅಥವಾ ಪಾದದ ಆಕಾರದಲ್ಲಿ ಬದಲಾವಣೆಯಿದ್ದರೆ 3 ರಿಂದ 6 ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದವರಿಗೆ 1 ರಿಂದ 3 ತಿಂಗಳಿಗೊಮ್ಮೆ ತಪಾಸಣೆಯಾಗಬೇಕು.

ಒಳರೋಗಿಯಾಗಿ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆ ಬೇಕಾದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಪಡೆಯಬಹುದು. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಇದ್ದು, ಇತರರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ 1.5 ಲಕ್ಷ ರೂ. ಮಿತಿಯಲ್ಲಿ ಭರಿಸಲಾಗುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯನ್ನು ತರುವುದು ಅವಶ್ಯಕ. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಮೊದಲು ಸರ್ಕಾರಿ ಆಸ್ಪತ್ರೆಗೇ ತೋರಿಸುವುದು ಸೂಕ್ತ. ತುರ್ತು ಸಂದರ್ಭಕ್ಕೆ ಇದು ಅಡ್ಡಿಯಲ್ಲ. ಸಲಹೆಗಾಗಿ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ಈಗಾಗಲೇ ಕಾಲನ್ನು ಕಳೆದುಕೊಂಡವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ವೈದ್ಯಕೀಯ ಪರಿಶೀಲನೆಯಲ್ಲಿ ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆ ದೃಢಪಟ್ಟಲ್ಲಿ ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಇಂತಹವರಲ್ಲಿ ದೇಹದ ಭಾರವೆಲ್ಲ ಉಳಿದ ಪಾದದ ಮೇಲೆಯೇ ಬೀಳುವುದರಿಂದ ಆ ಪಾದವನ್ನು 1 ರಿಂದ 3 ತಿಂಗಳಿಗೊಮ್ಮೆ ತಪ್ಪದೆ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು.